ಮಚ್ಚೆ, ಮೆಲನೋಮ ಮತ್ತು ನಾವು ನೋಡದ ಅಂಗಾಲು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಮಚ್ಚೆ ಮತ್ತು ಚರ್ಮದ ಕ್ಯಾನ್ಸರಿನ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಿಸಿಲಿಗೆ ಮೈಯೊಡ್ಡಬೇಡಿ, ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಮುಖ ಮತ್ತು ಬೆನ್ನಿನ ಮಚ್ಚೆಗಳನ್ನು ತಿಂಗಳಿಗೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ ಎಂಬ ಸಲಹೆಗಳಿದ್ದವು. ಜೊತೆಗೆ ಹೊಂಬಣ್ಣದ ಕೂದಲಿನ ಮಹಿಳೆಯೊಬ್ಬರ ಕೆನ್ನೆಯ ಚಿತ್ರವಿತ್ತು. ಬಿಳಿ ಚರ್ಮದವರ ನಾಡಿಗೆ ಈ ಮಾತುಗಳು ಸರಿಯಾಗಿ ಹೊಂದುತ್ತವೆ. ಆದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಕುಳಿತು ಇದನ್ನು ಓದಿದವರು ಮುಖದ ಮೇಲೆ ಚಿಕ್ಕಂದಿನಿಂದ ಇರುವ ನಿರುಪದ್ರವಿ ಮಚ್ಚೆಗೆ ಹೆದರುತ್ತಾರೆ, ಎಲ್ಲಿ ನೋಡಬೇಕಿತ್ತೋ ಅಲ್ಲಿ ನೋಡದೆ ಉಳಿಯುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವನಾಗಿ, ಚರ್ಮದ ಬಣ್ಣದ ಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರನ್ನು ಒಮ್ಮೆ ಮನೆಯೊಳಗೇ ಕಂಡವನಾಗಿ, ಆ ಲೇಖನ ಬಿಟ್ಟ ಭಾಗವನ್ನು ಬರೆಯುತ್ತಿದ್ದೇನೆ. ಪತ್ರ ದೀರ್ಘವಾದುದಕ್ಕೆ ಕ್ಷಮೆಯಿರಲಿ.

ಹತ್ತನೇ ತರಗತಿಯ ಮಕ್ಕಳ ದಾಖಲೆಗಳಲ್ಲಿ ಗುರುತಿನ ಚಿಹ್ನೆ ಬರೆಸುವ ಕೆಲಸ ಪ್ರತಿವರ್ಷ ನನ್ನ ಪಾಲಿಗೆ ಬರುತ್ತಿತ್ತು. ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ, ಬಲಗೈ ಮಣಿಕಟ್ಟಿನ ಬಳಿ ಮಚ್ಚೆ, ಕತ್ತಿನ ಹಿಂದೆ ಮಚ್ಚೆ ಎಂದು ನೂರಾರು ಮಕ್ಕಳ ಮಚ್ಚೆಗಳನ್ನು ನಾನು ದಾಖಲಿಸಿದ್ದೇನೆ. ಒಂದೂ ಮಚ್ಚೆ ಇಲ್ಲದ ಮಗು ಅಪರೂಪ. ಅಂಥವರಿಗೆ ಸೈಕಲ್ಲಿನಿಂದ ಬಿದ್ದ ಗಾಯದ ಕಲೆ ಹುಡುಕಬೇಕಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಬ್ಬರೂ ಅಂಗಾಲನ್ನು ಎತ್ತಿ ತೋರಿಸಿದ ನೆನಪಿಲ್ಲ. ಅಂಗಾಲಿನಲ್ಲಿ ಮಚ್ಚೆಯಿದ್ದವರಿಗೆ ಊರೂರು ತಿರುಗುವ ಯೋಗ ಎಂಬ ಮಾತು ಮಾತ್ರ ನಮ್ಮ ಕಡೆ ಇದೆ. ಗ್ರಹಣದ ಹೊತ್ತಿನಲ್ಲಿ ಬಸುರಿಯರು ಮೈ ಮುಟ್ಟಿಕೊಂಡರೆ ಕೂಸಿಗೆ ಮಚ್ಚೆ ಬರುತ್ತದೆ ಎಂಬ ಮಾತನ್ನೂ ತರಗತಿಯಲ್ಲಿ ಮಕ್ಕಳು ನನ್ನ ಎದುರಿಗಿಟ್ಟದ್ದುಂಟು. ಅದಕ್ಕೆ ನಾನು ಹೇಳುತ್ತಿದ್ದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳು ಚರ್ಮದಲ್ಲಿ ಹುಟ್ಟಿದವಲ್ಲ. ಭ್ರೂಣ ಇನ್ನೂ ಕೆಲವು ವಾರಗಳದ್ದಾಗಿರುವಾಗ, ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗಲಿರುವ ನಾಳದ ಅಂಚಿನಲ್ಲಿ, ನ್ಯೂರಲ್ ಕ್ರೆಸ್ಟ್ ಎಂದು ಕರೆಯುವ ಜಾಗದಲ್ಲಿ ಇವುಗಳ ಪೂರ್ವಜರು ಹುಟ್ಟುತ್ತಾರೆ. ಅಲ್ಲಿಂದ ಮೈಯೆಲ್ಲ ವಲಸೆ ಹೋಗಿ ಹೊರಚರ್ಮದ ಅತ್ಯಂತ ಕೆಳಗಿನ ಸಾಲಿನಲ್ಲಿ ನೆಲೆ ನಿಲ್ಲುತ್ತವೆ. ನರಗಳ ಕೆಲವು ಕೋಶಗಳೂ ಅದೇ ಮೂಲದವು. ಚರ್ಮದಲ್ಲಿ ನೆಲೆಯಾದ ಒಂದೊಂದು ಮೆಲನೋಸೈಟೂ ತನ್ನ ಬೇರಿನಂಥ ಎಳೆಗಳನ್ನು ಚಾಚಿ, ಸುತ್ತಲಿನ ಸುಮಾರು 36 ಸಾಮಾನ್ಯ ಚರ್ಮಕೋಶಗಳಿಗೆ ಮೆಲನಿನ್ ಎಂಬ ಕಪ್ಪು ವರ್ಣಕವನ್ನು ಹಂಚುತ್ತದೆ. ವರ್ಣಕ ಪಡೆದ ಕೋಶವು ಅದನ್ನು ತನ್ನ ನಡುಬೀಜದ (ನ್ಯೂಕ್ಲಿಯಸ್) ಮೇಲೆ, ಬಿಸಿಲು ಬರುವ ಕಡೆಗೆ, ಟೊಪ್ಪಿಯಂತೆ ಕವುಚಿಕೊಳ್ಳುತ್ತದೆ. ಗದ್ದೆಗಿಳಿಯುವಾಗ ನಮ್ಮವರು ಹಾಳೆಟೊಪ್ಪಿ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತಿತ್ತು. ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಈ ಬಣ್ಣದ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ವರ್ಣಕದ ಬಗೆ, ಪ್ರಮಾಣ ಮತ್ತು ಹಂಚಿಕೆಯಲ್ಲಿ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಬಣ್ಣ ಅಳೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು, ಆದರೆ ಅದು ಬೇರೆ ಪತ್ರದ ವಿಷಯ.

ಸಾಮಾನ್ಯವಾಗಿ ಮೆಲನೋಸೈಟ್‌ಗಳು ಒಂದರಿಂದೊಂದು ದೂರ ಕುಳಿತಿರುತ್ತವೆ. ಅವುಗಳಲ್ಲೊಂದು ಯಾವುದೋ ಕಾರಣಕ್ಕೆ ತನ್ನ ಎಳೆಗಳನ್ನು ಒಳಗೆಳೆದುಕೊಂಡು, ಒಡೆದು ಒಡೆದು ಗುಂಪುಗೂಡಿದರೆ ಅದೇ ಮಚ್ಚೆ. ಹುಟ್ಟುವಾಗಲೇ ಮಚ್ಚೆ ಹೊತ್ತು ಬರುವ ಮಕ್ಕಳು ನೂರಕ್ಕೆ ಒಬ್ಬರಷ್ಟು ಮಾತ್ರ. ಉಳಿದ ಮಚ್ಚೆಗಳು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಎಳೆಯ ಮಚ್ಚೆ ಚಪ್ಪಟೆಯಾಗಿ, ಕಡುಗಪ್ಪಾಗಿ ಇರುತ್ತದೆ, ಏಕೆಂದರೆ ಆಗ ಕೋಶಗಳ ಗುಂಪು ಹೊರಚರ್ಮ ಮತ್ತು ಒಳಚರ್ಮ ಸೇರುವ ಗಡಿಯಲ್ಲಿರುತ್ತದೆ. ವರ್ಷಗಳು ಕಳೆದಂತೆ ಕೋಶಗಳು ಒಳಚರ್ಮದಲ್ಲಿ ಕಾಣಿಸಿಕೊಂಡು ಮಚ್ಚೆ ಸ್ವಲ್ಪ ಉಬ್ಬುತ್ತದೆ; ವಯಸ್ಸಾದಂತೆ ಬಣ್ಣ ಮಾಸಿ ಮೆದುವಾದ ಉಬ್ಬಾಗುತ್ತದೆ, ಕೆಲವೊಮ್ಮೆ ಅದರಲ್ಲಿ ಒಂದೆರಡು ಕೂದಲೂ ಬರುತ್ತವೆ. ಕೋಶಗಳು ಮೇಲಿನಿಂದ ಕೆಳಕ್ಕೆ ಹನಿಯುತ್ತವೆ ಎಂದು ಜರ್ಮನಿಯ ಚರ್ಮತಜ್ಞ ಪೌಲ್ ಉನ್ನಾ 1893ರಲ್ಲೇ ವಾದಿಸಿದ್ದರು. ಇಲ್ಲ, ಕೆಳಗಿನಿಂದ ಮೇಲಕ್ಕೆ ಏರುತ್ತವೆ ಎಂದು ವಾದಿಸುವವರು ಆಮೇಲೆ ಬಂದರು. ನಮ್ಮ ಅನುಕೂಲಕ್ಕೆ ಬೇಕಾದದ್ದು ಇಷ್ಟೇ: ಅಜ್ಜಿಯ ಮೂಗಿನ ಪಕ್ಕದ ಉಬ್ಬಿದ, ಕೂದಲು ಬಂದ ಮಚ್ಚೆ ಬೆಳೆದು ಮುದಿಯಾದ ಮಚ್ಚೆ. ಅದಕ್ಕೆ ಯಾರೂ ಹೆದರಬೇಕಾಗಿಲ್ಲ.

ಮಚ್ಚೆಯ ಕೋಶಗಳು ಮೊದಲಿಗೆ ಏಕೆ ಗುಂಪುಗೂಡುತ್ತವೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನನ್ನ ಸೇವಾವಧಿಯಲ್ಲೇ. ಬಿರಾಫ್ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ, ಒಡೆಯಿರಿ ಎಂಬ ಆಜ್ಞೆ ಕೋಶಕ್ಕೆ ಸದಾ ಸಿಗುತ್ತಲೇ ಇರುತ್ತದೆ. ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇರುವ ಈ ತಪ್ಪು 2002ರಲ್ಲಿ ಗೊತ್ತಾಯಿತು. ಆಶ್ಚರ್ಯದ ಸಂಗತಿ ಮರುವರ್ಷ ಹೊರಬಂತು: ಯಾವ ತೊಂದರೆಯನ್ನೂ ಕೊಡದ ಸಾಧಾರಣ ಮಚ್ಚೆಗಳಲ್ಲಿ ಬಹುಪಾಲಿನಲ್ಲೂ ಅದೇ ತಪ್ಪು ಇತ್ತು. ಹಾಗಿದ್ದರೆ ಅವು ಏಕೆ ಕ್ಯಾನ್ಸರ್ ಆಗಲಿಲ್ಲ? ಸ್ವಲ್ಪ ಕಾಲ ಒಡೆದ ಮೇಲೆ ಕೋಶದೊಳಗಿನ ಬ್ರೇಕುಗಳು ಬಿಗಿದು ಬೆಳವಣಿಗೆ ನಿಲ್ಲುತ್ತದೆ. ಪಿ16 ಎಂಬ ಪ್ರೋಟೀನ್ ಅಂಥ ಬ್ರೇಕುಗಳಲ್ಲಿ ಒಂದು. ನಿಲ್ಲುವುದಕ್ಕೆ ಅದೊಂದೇ ಕಾರಣವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕ್ಯಾನ್ಸರಿನ ಮೊದಲ ಹೆಜ್ಜೆಯಿಟ್ಟು ಅಲ್ಲಿಯೇ ನಿಂತ ಕೋಶಗಳ ಗುಂಪು ನಮ್ಮ ನಿಮ್ಮ ಮೈಮೇಲೆಲ್ಲ ಇದೆ, ದಶಕಗಳ ಕಾಲ ಸುಮ್ಮನೆ ಇರುತ್ತದೆ. ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಭಯವಾಗುವ ಬದಲು ಒಂದು ಬಗೆಯ ಗೌರವವೇ ಹುಟ್ಟಿತು.

ಅಮೆರಿಕದಲ್ಲಿ ಮಾಡಿ 2003ರಲ್ಲಿ ಪ್ರಕಟಿಸಿದ ಒಂದು ಲೆಕ್ಕದ ಪ್ರಕಾರ, 40 ವರ್ಷದೊಳಗಿನವರಲ್ಲಿ ಒಂದು ಮಚ್ಚೆ ಒಂದು ವರ್ಷದಲ್ಲಿ ಮೆಲನೋಮವಾಗುವ ಸಂಭವ 2,00,000ಕ್ಕೆ ಒಂದಕ್ಕಿಂತ ಕಡಿಮೆ. 60 ದಾಟಿದ ಗಂಡಸರಲ್ಲಿ ಅದು ಸುಮಾರು 33,000ಕ್ಕೆ ಒಂದು. ಇದು ಮೆಲನೋಮ ಬಹಳ ಹೆಚ್ಚಾಗಿರುವ ಬಿಳಿ ಚರ್ಮದ ಜನರ ಲೆಕ್ಕ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಮೆಲನೋಮಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಏಳು ಹಳೆಯ ಮಚ್ಚೆಯಿಂದ ಹುಟ್ಟುವುದೇ ಇಲ್ಲ. ಏನೂ ಇಲ್ಲದ ಜಾಗದಲ್ಲಿ ಹೊಸದಾಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಇರುವ ಮಚ್ಚೆಗಳನ್ನೆಲ್ಲ ಮುಂಜಾಗ್ರತೆಗಾಗಿ ತೆಗೆಸಿಬಿಟ್ಟರಾಯಿತು ಎಂಬ ಯೋಚನೆ ಲೆಕ್ಕಕ್ಕೇ ನಿಲ್ಲುವುದಿಲ್ಲ.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಸುಣ್ಣಕ್ಕೆ ಬಟ್ಟೆ ಸೋಡ ಕಲಸಿ ಮಚ್ಚೆಗೆ ಹಚ್ಚುವುದು, ಕೇರುಬೀಜದ ಎಣ್ಣೆ ಮುಟ್ಟಿಸುವುದು, ಕುದುರೆಕೂದಲು ಕಟ್ಟುವುದು ಇನ್ನೂ ನಡೆಯುತ್ತಿದೆ. ಪೇಟೆಯಲ್ಲಾದರೆ ಬ್ಯೂಟಿ ಪಾರ್ಲರ್‌ನಲ್ಲಿ ಯಂತ್ರದಿಂದ ಸುಡುತ್ತಾರೆ. ನರಹುಲಿಗೂ ಮಚ್ಚೆಗೂ ವ್ಯತ್ಯಾಸ ನೋಡುವವರಿಲ್ಲ. ಸುಟ್ಟಾಗ ಮೇಲಿನ ಪದರ ಹೋಗಿ ಕೆಳಗಿನ ಕೋಶಗಳು ಉಳಿಯುತ್ತವೆ, ಗಾಯದ ಕಲೆಯ ನಡುವಿನಿಂದ ಅವು ಮತ್ತೆ ಅಂಕುಡೊಂಕಾಗಿ ಬಣ್ಣ ತಂದುಕೊಂಡು ಬರುತ್ತವೆ. ಆಗ ಅದು ಸೂಕ್ಷ್ಮದರ್ಶಕದಲ್ಲಿಯೂ ಮೆಲನೋಮದಂತೆಯೇ ಕಾಣಬಹುದು, ನುರಿತ ವೈದ್ಯರನ್ನೂ ಗೊಂದಲಕ್ಕೆ ದೂಡಬಹುದು. ಸುಟ್ಟದ್ದು ನಿಜವಾಗಿಯೂ ಮೆಲನೋಮವಾಗಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಪರೀಕ್ಷೆಗೆ ಕಳಿಸಬಹುದಾಗಿದ್ದ ಸಾಕ್ಷ್ಯವೇ ಬೂದಿಯಾಗಿರುತ್ತದೆ.

ಈಗ ಅಂಗಾಲಿನ ವಿಷಯಕ್ಕೆ ಬರುತ್ತೇನೆ. ಬಿಳಿ ಚರ್ಮದವರಲ್ಲಿ ಮೆಲನೋಮಕ್ಕೆ ಬಹುಮಟ್ಟಿಗೆ ಬಿಸಿಲಿನ ಅತಿನೇರಳೆ ಕಿರಣ ಕಾರಣ. ಆ ಕಿರಣ ಡಿಎನ್‌ಎಯ ಮೇಲೆ ಬಿಟ್ಟುಹೋಗುವ ಗುರುತನ್ನು ಅಂಥ ಗಡ್ಡೆಗಳಲ್ಲಿ ಓದಬಹುದು. ನಮ್ಮ ಮೆಲನಿನ್ನಿನ ಹಾಳೆಟೊಪ್ಪಿ ನಮ್ಮನ್ನು ಅದರಿಂದ ಬಹಳ ಮಟ್ಟಿಗೆ ಕಾಪಾಡಿದೆ. ಆದರೆ ಅಂಗೈ, ಅಂಗಾಲು ಮತ್ತು ಉಗುರಿನ ಬುಡದಲ್ಲಿ ಹುಟ್ಟುವ ಇನ್ನೊಂದು ಬಗೆ ಇದೆ. ಅಮೆರಿಕದ ರಿಚರ್ಡ್ ರೀಡ್ ಅದನ್ನು 1976ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಏಕ್ರಲ್ ಮೆಲನೋಮ ಎಂದು ವೈದ್ಯರು ಕರೆಯುತ್ತಾರೆ. ಅದಕ್ಕೂ ಬಿಸಿಲಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಅದರಲ್ಲಿ ಬಿರಾಫ್ ತಪ್ಪು ಕಡಿಮೆ. ಕ್ರೋಮೋಸೋಮುಗಳ ತುಂಡುಗಳೇ ಇಮ್ಮಡಿ ಮುಮ್ಮಡಿಯಾಗಿರುವುದು, ಕೆಲವರಲ್ಲಿ ಕಿಟ್ ಎಂಬ ಇನ್ನೊಂದು ಜೀನ್ ಕೆಟ್ಟಿರುವುದು ಕಾಣುತ್ತದೆ. ಇದು ಎಲ್ಲ ಬಣ್ಣದ ಜನರಲ್ಲೂ ಸರಿಸುಮಾರು ಒಂದೇ ಪ್ರಮಾಣದಲ್ಲಿ, ಅಂದರೆ ಬಹಳ ಅಪರೂಪವಾಗಿ ಬರುತ್ತದೆ. ಆದರೆ ಬೇರೆ ಬಗೆಗಳು ನಮ್ಮಲ್ಲಿ ಇನ್ನೂ ಅಪರೂಪವಾದುದರಿಂದ ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮೆಲನೋಮಗಳಲ್ಲಿ ಇದರದೇ ದೊಡ್ಡ ಪಾಲು. ಜಮೈಕಾದ ಗಾಯಕ ಬಾಬ್ ಮಾರ್ಲಿಯವರಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಪತ್ತೆಯಾದದ್ದು ಇದೇ. 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನನ್ನ ಅಕ್ಕನ ಯಜಮಾನರಿಗೂ ಅದೇ ಆಯಿತು. ಹೊಸನಗರ ತಾಲ್ಲೂಕಿನಲ್ಲಿ ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ ಇಟ್ಟುಕೊಂಡು, ಮನೆಯಿಂದ ತೋಟಕ್ಕೆ ಇಳಿಯುವಾಗ ಚಪ್ಪಲಿಯನ್ನು ದಣಪೆಯ ಬಳಿ ಬಿಟ್ಟು ಹೋಗುವ ಪೀಳಿಗೆಯವರು ಅವರು. ಹಿಮ್ಮಡಿಯ ಒಳಬದಿಗೆ ಒಂದು ಕಪ್ಪು ಕಲೆ ಇರುವುದನ್ನು ಅಕ್ಕ ನೋಡಿದ್ದು ಜಗುಲಿಯಲ್ಲಿ ಅವರು ಕಾಲು ಚಾಚಿ ಕುಳಿತಿದ್ದಾಗ. ಮುಳ್ಳು ಮುರಿದದ್ದಿರಬೇಕು, ಉಂಬಳ ಕಚ್ಚಿದ ಜಾಗ ಕಪ್ಪಾಗಿರಬೇಕು, ಕೊನೆಗೆ ಆಣಿ ಇರಬೇಕು ಎಂದಾಯಿತು. ನಾನು ಕೇಳಿದಾಗ, "ಎಂಥದೂ ಇಲ್ಲ ಮಾರಾಯ, ಆಣಿ" ಎಂದರು. ಜೀವಶಾಸ್ತ್ರದ ಮೇಷ್ಟ್ರಾದ ನಾನೂ ತಲೆಯಾಡಿಸಿ ಕಾಫಿ ಕುಡಿದು ಬಂದೆ. ಅಂಗಡಿಯ ಆಣಿಪಟ್ಟಿ ಅಂಟಿಸಿ ಅಂಟಿಸಿ ಒಂದು ವರ್ಷ ಹೋಯಿತು. ಅದು ಒಡೆದು ರಸಿಕೆ ಬರಲು ಶುರುವಾದ ಮೇಲೆ ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೊಯ್ದು ತೆಗೆದರು, ಕೊಯ್ದ ಮಾಂಸವನ್ನು ಎಸೆದರು. ಪರೀಕ್ಷೆಗೆ ಕಳಿಸಬೇಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಎಂಟು ತಿಂಗಳ ನಂತರ ತೊಡೆಸಂದಿನಲ್ಲಿ ಗಂಟು ಬಂತು. ಬೆಂಗಳೂರಿನಲ್ಲಿ ಆ ಗಂಟಿನ ಚೂರು ಪರೀಕ್ಷಿಸಿದಾಗ ಮೆಲನೋಮ ಎಂಬ ಪದವನ್ನು ನಮ್ಮ ಮನೆಯವರು ಮೊದಲ ಸಲ ಕೇಳಿದರು. ಆಗ ಅದು ಶ್ವಾಸಕೋಶಕ್ಕೂ ಹೋಗಿತ್ತು. ಮರುವರ್ಷ ಅಡಿಕೆ ಕೊಯ್ಲಿಗೆ ಅವರಿರಲಿಲ್ಲ.

ಈ ಕಾಯಿಲೆಯ ಬೆಳವಣಿಗೆಯ ರೀತಿ ಗೊತ್ತಿದ್ದರೆ ಆ ಒಂದು ವರ್ಷದ ಬೆಲೆ ತಿಳಿಯುತ್ತದೆ. ಮೆಲನೋಮ ಸಾಮಾನ್ಯವಾಗಿ ಮೊದಲು ಹೊರಚರ್ಮದೊಳಗೇ ಅಡ್ಡಡ್ಡವಾಗಿ, ನೀರಿನ ಮೇಲೆ ಎಣ್ಣೆ ಹರಡಿದಂತೆ ಹರಡುತ್ತದೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ಅಲ್ಲಿರುವಷ್ಟು ಕಾಲ ಅದು ದೂರ ಹೋಗಲಾರದು. ಕತ್ತರಿಸಿ ತೆಗೆದರೆ ಬಹುತೇಕ ಮುಗಿಯಿತು. ಈ ಹಂತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರಬಹುದು. ಇನ್ನಷ್ಟು ಬ್ರೇಕುಗಳು ತಪ್ಪಿದಾಗ ಕೋಶಗಳು ನೇರ ಕೆಳಕ್ಕೆ ಇಳಿಯುತ್ತವೆ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟಂತೆ, ರೋಗಿಯ ಭವಿಷ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಈ ಇಳಿತದ ಆಳ, ಅದನ್ನು ಅಳೆಯುವುದು ಮಿಲಿಮೀಟರಿನಲ್ಲಿ. ಒಂದು ಮಿಲಿಮೀಟರಿಗಿಂತ ತೆಳ್ಳಗಿರುವಾಗ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ನಾಲ್ಕು ಮಿಲಿಮೀಟರು ದಾಟಿದ ಮೇಲೆ ಪರಿಸ್ಥಿತಿ ಬೇರೆ. 2011ರಿಂದ ಈಚೆಗೆ ಹೊಸ ಔಷಧಗಳು ಬಂದಿವೆ, ದೇಹದ ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚುವ ಆ ಚಿಕಿತ್ಸೆಯ ಮೂಲಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಅವುಗಳ ಬೆಲೆ ಒಂದೆರಡು ಎಕರೆ ತೋಟದವರಿಗೆ ಎಟುಕುವಂಥದ್ದಲ್ಲ, ಏಕ್ರಲ್ ಬಗೆಯಲ್ಲಿ ಅವುಗಳ ಫಲವೂ ಸ್ವಲ್ಪ ಕಡಿಮೆಯೇ.

ಅಂಗಾಲಿನ ಕಪ್ಪು ಕಲೆಗಳೆಲ್ಲ ಮೆಲನೋಮವಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಕಪ್ಪು ಚರ್ಮದವರ ಅಂಗಾಲಿನಲ್ಲಿ ಸಾದಾ ಮಚ್ಚೆಗಳು ಸಾಕಷ್ಟಿರುತ್ತವೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂತೆ ಗೆರೆಗಳಿವೆ, ಶುಂಠಿ ಹೊಲದಲ್ಲಿ ಏರುಮಡಿ ಮತ್ತು ನಡುವಿನ ಕಾಲುವೆ ಇರುವ ಹಾಗೆ. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡಿದಾಗ, ಸಾದಾ ಮಚ್ಚೆಯ ಬಣ್ಣ ಹೆಚ್ಚಾಗಿ ಕಾಲುವೆಗಳಲ್ಲಿ ನಿಂತಿರುತ್ತದೆ, ಮೆಲನೋಮದ ಬಣ್ಣ ಏರುಗಳ ಮೇಲೆ ಇರುತ್ತದೆ. ಇದನ್ನು ಕಂಡುಕೊಂಡವರು ಜಪಾನಿನ ವೈದ್ಯರು, ಏಕೆಂದರೆ ಅಲ್ಲಿಯೂ ಈ ಬಗೆಯೇ ಹೆಚ್ಚು. ಬಿಳಿಯರ ಬೆನ್ನನ್ನು ನೋಡುತ್ತಿದ್ದವರಿಗೆ ಇದು ಹೊಳೆಯುವಂತಿರಲಿಲ್ಲ. ಈ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಚರ್ಮರೋಗ ತಜ್ಞರ ಬಳಿ ಇರುತ್ತದೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಅನುಮಾನವಿದ್ದವರು ಮೊದಲು ಬೆಂಗಳೂರಿಗೇ ಹೋಗಬೇಕಾಗಿಲ್ಲ.

ಉಗುರಿನ ವಿಷಯದಲ್ಲೂ ಹಾಗೆಯೇ. ನಮ್ಮವರಲ್ಲಿ ಹಲವರ ಹತ್ತಾರು ಉಗುರುಗಳಲ್ಲಿ ಉದ್ದುದ್ದ ಕಂದುಗೆರೆಗಳು ಇರುತ್ತವೆ, ಅದು ಮೈಬಣ್ಣದ ಗುಣ. ಕಲ್ಲಿಗೆ ಎಡವಿ ಉಗುರಿನಡಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಪ್ಪು ಉಗುರು ಬೆಳೆದಂತೆ ಮುಂದಕ್ಕೆ ಸರಿದು, ಒಂದು ಒಂದೂವರೆ ವರ್ಷದಲ್ಲಿ ಹೊರಟುಹೋಗುತ್ತದೆ. ಐವತ್ತು ದಾಟಿದವರ ಒಂದೇ ಉಗುರಿನಲ್ಲಿ, ಹೆಚ್ಚಾಗಿ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದ ಗೆರೆ ಬುಡದ ಕಡೆ ಅಗಲವಾಗುತ್ತ ಹೋಗಿ, ಉಗುರಿನ ಸುತ್ತಲ ಚರ್ಮಕ್ಕೂ ಬಣ್ಣ ಏರುತ್ತಿದ್ದರೆ ಮಾತ್ರ ತಡಮಾಡಬಾರದು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಹೆಂಗಸರ ಅಂಗೈ ಮತ್ತು ಉಗುರುಗಳು ಅಡಿಕೆಯ ಚೊಗರಿನಿಂದ ಕಪ್ಪಾಗಿ, ತಿಂಗಳುಗಟ್ಟಲೆ ಆ ಕಪ್ಪು ಹೋಗುವುದಿಲ್ಲ. ಆ ಕಪ್ಪಿನಡಿ ಇನ್ನೊಂದು ಕಪ್ಪು ಅಡಗಿದ್ದರೆ ಕಾಣುವುದು ಸುಗ್ಗಿ ಮುಗಿದ ಮೇಲೆ. ಬಾಯಿಯ ಅಂಗುಳಿನಲ್ಲಿ, ವಸಡಿನಲ್ಲಿ ಹೊಸದಾಗಿ ಬಂದ ಕಪ್ಪು ಮಚ್ಚೆಯನ್ನೂ ತೋರಿಸುವುದು ಒಳ್ಳೆಯದು. ಎಲೆಅಡಿಕೆ ಹಾಕುವವರು ಅದನ್ನೂ ಕರೆಯೆಂದೇ ತಿಳಿಯುತ್ತಾರೆ.

ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ನಮ್ಮ ಮನೆಯಲ್ಲೂ ಇತ್ತು. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ. ಅನುಮಾನದ ಕಲೆಯನ್ನು ಸಾಧ್ಯವಾದರೆ ಇಡಿಯಾಗಿ, ಪೂರ್ತಿ ಆಳಕ್ಕೆ, ಸುತ್ತ ಒಂದೆರಡು ಮಿಲಿಮೀಟರು ಬಿಟ್ಟು ತೆಗೆದು ಪೆಥಾಲಜಿ ಲ್ಯಾಬಿಗೆ ಕಳಿಸುತ್ತಾರೆ. ಮೆಲನೋಮವೆಂದು ಖಚಿತವಾದರೆ ಅದರ ದಪ್ಪವನ್ನು ನೋಡಿ ಒಂದರಿಂದ ಎರಡು ಸೆಂಟಿಮೀಟರು ಅಗಲಕ್ಕೆ ಮತ್ತೊಮ್ಮೆ ತೆಗೆಯುತ್ತಾರೆ. ಹರಡಿದ್ದು ಕತ್ತಿಯಿಂದಲ್ಲ, ಕತ್ತಿ ತಡವಾಗಿ ಬಂದುದರಿಂದ, ಬಂದ ಮೇಲೂ ಕೊಯ್ದದ್ದನ್ನು ಯಾರೂ ನೋಡದೆ ಹೋದುದರಿಂದ ಎಂದು ಅಕ್ಕನಿಗೆ ತಿಳಿಸಿ ಹೇಳಲು ನನಗೆ ಬಹಳ ದಿನ ಬೇಕಾಯಿತು.

1820ರಲ್ಲಿ ಇಂಗ್ಲೆಂಡಿನ ಸ್ಟೂರ್‌ಬ್ರಿಜ್ ಎಂಬ ಊರಿನ ವೈದ್ಯ ವಿಲಿಯಂ ನಾರಿಸ್, ತಮ್ಮ ರೋಗಿಯೊಬ್ಬರ ಕಪ್ಪು ಗಡ್ಡೆಯ ಬಗ್ಗೆ ಬರೆಯುವಾಗ, ಆತನ ತಂದೆಯೂ ಅಂಥದೇ ಕಾಯಿಲೆಯಿಂದ ಸತ್ತಿದ್ದನ್ನೂ ಮನೆಯವರ ಮೈಮೇಲೆ ಬಹಳ ಮಚ್ಚೆಗಳಿದ್ದುದನ್ನೂ ಗಮನಿಸಿ ಬರೆದಿಟ್ಟರು. ಲ್ಯಾಬಿಲ್ಲದ, ಜೀನ್ ಎಂಬ ಪದವೇ ಇಲ್ಲದ ಕಾಲದಲ್ಲಿ ಕಣ್ಣಿಟ್ಟು ನೋಡಿದ್ದರಿಂದಲೇ ಅಷ್ಟು ಸಿಕ್ಕಿತು. ನಮ್ಮಲ್ಲಿಯೂ ನೋಡುವವರು ಈಗಾಗಲೇ ಇದ್ದಾರೆ. ಕುಷ್ಠರೋಗ ಪತ್ತೆ ಆಂದೋಲನದ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಇದೆಯೇ ಎಂದು ಕೇಳುತ್ತಾರೆ. 30 ವರ್ಷ ದಾಟಿದವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಯಿ ಕ್ಯಾನ್ಸರಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅದೇ ಭೇಟಿಯಲ್ಲಿ, ಅಂಗಾಲು ಮತ್ತು ಉಗುರುಗಳಲ್ಲಿ ಹೊಸದಾಗಿ ಬಂದ, ಬೆಳೆಯುತ್ತಿರುವ ಕಪ್ಪು ಕಲೆ ಇದೆಯೇ ಎಂಬ ಒಂದು ಪ್ರಶ್ನೆಯನ್ನು ಸೇರಿಸಲು ಜಿಲ್ಲಾ ಆರೋಗ್ಯ ಇಲಾಖೆಗೆ ಹಣವೇನೂ ಬೇಕಾಗುವುದಿಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಇರುವ ಹೊರೆ ನನಗೆ ಗೊತ್ತು, ಅವರ ಗೌರವಧನದ ಅವಸ್ಥೆಯೂ ಗೊತ್ತು. ಆದ್ದರಿಂದ ಈ ಮಾತನ್ನು ಸಂಕೋಚದಿಂದಲೇ ಹೇಳುತ್ತಿದ್ದೇನೆ. ಚಿಕ್ಕ ಪುಟ್ಟ ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಗಳು, ಕೊಯ್ದ ಯಾವ ಕಪ್ಪು ಗಂಟನ್ನೂ ಪರೀಕ್ಷೆಗೆ ಕಳಿಸದೆ ಎಸೆಯಬಾರದೆಂಬ ನಿಯಮವನ್ನು ತಾವೇ ಹಾಕಿಕೊಂಡರೆ ಸಾಕು. ಕಳಿಸದಿದ್ದರೆ ಕೇಳುವ ಹಕ್ಕು ರೋಗಿಯ ಕಡೆಯವರಿಗೆ ಇದೆ.

ತಮ್ಮ ಪುರವಣಿಯಲ್ಲಿ ಮುಂದಿನ ಸಲ ಈ ವಿಷಯ ಬಂದಾಗ, ಹೊಂಬಣ್ಣದ ಕೂದಲಿನ ಆ ಚಿತ್ರದ ಜಾಗದಲ್ಲಿ ನಮ್ಮ ಯಾರದಾದರೂ ಒಡೆದ ಹಿಮ್ಮಡಿಯ ಚಿತ್ರವನ್ನು ಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ